ಮನೆಗೊಂದು ಸಣ್ಣ ಗಣಕಯಂತ್ರ

ನಮ್ಮ ಮನೆಯಲ್ಲಿ ಹದಿಮೂರು ವರ್ಷ ದುಡಿದ ಗಣಕಯಂತ್ರವು ಕಳೆದ ಕಾರ್ತಿಕ ಮಾಸದ ಒಂದು ಮುಂಜಾನೆ ಏಳಲಿಲ್ಲ. ಗುಂಡಿ ಒತ್ತಿದರೆ ಒಳಗಿನ ಪಂಖ ಎರಡು ಸುತ್ತು ತಿರುಗಿ ನಿಂತುಬಿಡುತ್ತಿತ್ತು. ರಿಪೇರಿಯ ಹುಡುಗ ಬಂದು ಪೆಟ್ಟಿಗೆಯ ಮಗ್ಗುಲು ಬಿಚ್ಚಿ, ಧೂಳು ಊದಿ, ಬಹಳ ಹೊತ್ತು ನೋಡಿ, “ಸರ್, ಇದರ ಆಯುಷ್ಯ ಮುಗೀತ್ರಿ. ಡಿಸ್ಕ್ ಚಲೋ ಐತಿ, ಅದನ್ನಷ್ಟ ತಗದು ಕೊಡ್ತೀನಿ” ಎಂದ. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗನಿಗೆ ಈ ಸುದ್ದಿ ತಿಳಿಸಿದಾಗ ಅವನು ಎಳ್ಳಷ್ಟೂ ಮರುಗಲಿಲ್ಲ. “ಕಾಕಾ, ಅಂಥಾ ದೊಡ್ಡ ಸಿಪಿಯು ಈಗ ಯಾರ ಮನಿಯಾಗೂ ಉಳದಿಲ್ಲ. ಅಂಗೈ ಅಗಲದ ಮಿನಿ ಪಿಸಿ ಬಂದಾವ, ಅದನ್ನ ತಗೋರಿ” ಎಂದ. “ಯಾವುದು ತಗೊಳ್ಳಲಿ?” ಎಂದು ಕೇಳಿದೆ. “ಅದನ್ನ ನಾ ಹೆಂಗ ಹೇಳ್ಲಿ? ನಿಮಗ ಅದರಿಂದ ಏನಾಗಬೇಕು ಅನ್ನೂದನ್ನ ಮೊದಲ ಹೇಳ್ರಿ” ಎಂದು ಅವನು ನನ್ನನ್ನೇ ಮರುಪ್ರಶ್ನಿಸಿದ.

ಪ್ರಶ್ನೆ ಚಿಕ್ಕದು, ಉತ್ತರ ಹುಡುಕುತ್ತ ಹೋದಂತೆ ಅದು ನನ್ನನ್ನು ಎರಡು ಇತಿಹಾಸಗಳ ಒಳಕ್ಕೆ ಕರೆದೊಯ್ದಿತು. ಕೋಣೆಯಷ್ಟು ದೊಡ್ಡದಾಗಿದ್ದ ಯಂತ್ರ ಅಂಗೈಯಷ್ಟಾದ ಕಥೆ ಅವುಗಳಲ್ಲಿ ಒಂದು. ಇನ್ನೊಂದು, ಆ ಯಂತ್ರದೊಳಗೆ ನಮ್ಮ ಕನ್ನಡ ಅಕ್ಷರಕ್ಕೆ ನೆಲೆ ದೊರೆತ ಕಥೆ. ಅಂಗಡಿಯವರು ನಮಗೆ ಮೊದಲನೆಯದನ್ನಷ್ಟೇ ಹೇಳುತ್ತಾರೆ. ಓದು ಬರಹದ ಗೀಳುಳ್ಳ ಮನೆಯವರು ಎರಡನೆಯದನ್ನೂ ತಿಳಿದು ಆರಿಸಬೇಕೆಂಬುದು ನನ್ನ ಅನುಭವ. ಆ ಅನುಭವಕ್ಕೆ ನಾನು ಕೊಟ್ಟ ಬೆಲೆ ಒಂದು ಶಬ್ದ. ಅದರ ವಿಚಾರವನ್ನು ಮುಂದೆ ಹೇಳುತ್ತೇನೆ.

ವಸ್ತುಗಳು ಸಣ್ಣದಾಗುವುದು ನಮಗೆ ಹೊಸದಲ್ಲ. ಧಾರವಾಡದ ಆಕಾಶವಾಣಿ ಕೇಂದ್ರ ಆರಂಭವಾದದ್ದು ೧೯೫೦ರ ಜನವರಿ ೮ರಂದು. ಅಂದಿನ ರೇಡಿಯೋ ಎಂದರೆ ಗಾಜಿನ ವಾಲ್ವುಗಳ ದೊಡ್ಡ ಮರದ ಪೆಟ್ಟಿಗೆ. ಪಡಸಾಲೆಯ ಎತ್ತರದ ಹಲಗೆಯ ಮೇಲೆ ಅದಕ್ಕೊಂದು ಪೀಠ, ಮೇಲೆ ಕಸೂತಿಯ ಹೊದಿಕೆ. ಗುಂಡಿ ತಿರುಗಿಸಿದ ಮೇಲೆ ವಾಲ್ವು ಕಾಯುವವರೆಗೆ ಇಡೀ ಮನೆ ಕಾಯಬೇಕು. ಮುಂದೆ ಟ್ರಾನ್ಸಿಸ್ಟರ್ ಬಂತು. ರೇಡಿಯೋ ಹಲಗೆಯಿಂದ ಇಳಿದು ಹೊಲಕ್ಕೆ, ಅಂಗಡಿಗೆ, ಕಡೆಗೆ ಕಿಸೆಗೆ ಹೋಯಿತು. ಅದು ಸಣ್ಣದಾದದ್ದರಿಂದ ಲಾಭವಾಯಿತು, ನಿಜ. ಆದರೆ ಮನೆಯ ಸೊತ್ತಾಗಿದ್ದದ್ದು ಒಬ್ಬೊಬ್ಬರ ಸೊತ್ತಾಯಿತು. ಗಣಕಯಂತ್ರವೂ ಇದೇ ಹಾದಿಯಲ್ಲಿ ಮೇಜಿನಿಂದ ತೊಡೆಗೆ, ತೊಡೆಯಿಂದ ಅಂಗೈಗೆ ಇಳಿದಿದೆ. ಈ ನಡುವೆ ಮೇಜಿನ ಸಣ್ಣ ಗಣಕದ ಒಂದು ವಿಶೇಷವನ್ನು ಗಮನಿಸಬೇಕು. ಅದು ಸಣ್ಣದಾಗಿದೆ, ಆದರೂ ಮನೆ ಬಿಟ್ಟು ಹೋಗಿಲ್ಲ. ಒಂದೇ ಜಾಗದಲ್ಲಿ ಕುಳಿತು ಮನೆಯವರೆಲ್ಲರಿಗೂ ಒದಗುತ್ತದೆ. ದೊಡ್ಡ ಪರದೆ, ಕೈಗೆ ಹೊಂದುವ ಕೀಲಿಮಣೆ, ಬೆನ್ನಿಗೆ ಒಪ್ಪುವ ಕುರ್ಚಿ, ಇವನ್ನು ನಮ್ಮ ಅನುಕೂಲಕ್ಕೆ ತಕ್ಕಂತೆ ಜೋಡಿಸಿಕೊಳ್ಳಬಹುದು. ಅರವತ್ತು ದಾಟಿದ ಕಣ್ಣಿಗೆ ಇದು ಸಣ್ಣ ಸೌಲಭ್ಯವಲ್ಲ.

ಈಗ ಮೊದಲನೆಯ ಇತಿಹಾಸವನ್ನು ನೋಡೋಣ. ೧೯೪೬ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲೋಕಕ್ಕೆ ತೋರಿಸಿದ ಎನಿಯಾಕ್ ಎಂಬ ಗಣಕದಲ್ಲಿ ಸುಮಾರು ೧೮,೦೦೦ ವಾಲ್ವುಗಳಿದ್ದವು. ತೂಕ ಸುಮಾರು ೩೦ ಟನ್. ಅದು ನುಂಗುತ್ತಿದ್ದ ವಿದ್ಯುತ್ತು ೧೫೦ ಕಿಲೋವ್ಯಾಟ್. ನಮ್ಮ ದೇಶಕ್ಕೆ ಗಣಕ ಕಾಲಿಟ್ಟದ್ದು ೧೯೫೫-೫೬ರ ಸುಮಾರಿಗೆ, ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ. ಅದು ಇಂಗ್ಲೆಂಡಿನಿಂದ ಬಂದ ಯಂತ್ರ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ನಮ್ಮಲ್ಲಿಯೇ ಕಟ್ಟಿದ ಗಣಕ ೧೯೬೦ರಲ್ಲಿ ಕೆಲಸ ಆರಂಭಿಸಿತು. ೧೯೬೨ರಲ್ಲಿ ಪಂಡಿತ ನೆಹರೂ ಅವರು ಅದಕ್ಕೆ ಟಿಫ್ರ್ಯಾಕ್ ಎಂದು ಹೆಸರಿಟ್ಟರು. ಅದರ ನೆನಪಿನ ಕೋಶದಲ್ಲಿ ೪೦ ಬಿಟ್ಟುಗಳ ೨,೦೪೮ ಪದಗಳಿಗೆ ಸ್ಥಳವಿತ್ತು; ಎಂದರೆ ಸುಮಾರು ಹತ್ತು ಸಾವಿರ ಬೈಟುಗಳು. ಇಂದು ರೂಢಿಯಲ್ಲಿರುವ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು ಬೇಕು. ಈ ಲೆಕ್ಕ ಹಿಡಿದರೆ ಅಂದು ಇಡೀ ದೇಶ ಹೆಮ್ಮೆಪಟ್ಟ ಆ ಯಂತ್ರದ ನೆನಪಿನಲ್ಲಿ ಕನ್ನಡದ ಎರಡು ಪುಟ ಹಿಡಿಯುತ್ತಿತ್ತು.

೧೯೭೧ರಲ್ಲಿ ಇಂಟೆಲ್ ಸಂಸ್ಥೆ ಗಣಕದ ಮಿದುಳನ್ನು ಉಗುರಿನಗಲದ ಒಂದು ಚಿಪ್ಪಿನಲ್ಲಿ ಅಡಕಗೊಳಿಸಿತು. ೧೯೭೫ರಲ್ಲಿ ಆಲ್ಟೇರ್, ೧೯೭೭ರಲ್ಲಿ ಆಪಲ್, ೧೯೮೧ರ ಆಗಸ್ಟಿನಲ್ಲಿ ಐ.ಬಿ.ಎಂ. ಕಂಪನಿಯ ಪಿಸಿ, ಹೀಗೆ ಗಣಕವು ಸಂಸ್ಥೆಯ ಸೊತ್ತಾಗಿದ್ದದ್ದು ಒಬ್ಬ ಮನುಷ್ಯನ ಮೇಜಿಗೆ ಬಂತು. ನಮ್ಮಲ್ಲಿ ೧೯೮೪ರ ನವೆಂಬರಿನ ಹೊಸ ಗಣಕ ನೀತಿಯ ಬಳಿಕ ಆಮದು ಸಡಿಲಗೊಂಡು ಯಂತ್ರಗಳು ಅಗ್ಗವಾದವು. ಅದೇ ಕಾಲದಲ್ಲಿ ಕೇಂದ್ರ ಸರಕಾರವು ಬಿ.ಬಿ.ಸಿ. ಮೈಕ್ರೋ ಎಂಬ ಪುಟ್ಟ ಗಣಕಗಳನ್ನು ಆಯ್ದ ಶಾಲೆಗಳಿಗೆ ಹಂಚಿತು. ನಾನು ಗಣಕವನ್ನು ಮೊದಲು ಕಂಡದ್ದು ಮಾತ್ರ ಶಾಲೆಯಲ್ಲೂ ಅಲ್ಲ, ಕಾಲೇಜಿನಲ್ಲೂ ಅಲ್ಲ; ಹುಬ್ಬಳ್ಳಿ ರೈಲು ನಿಲ್ದಾಣದ ಟಿಕೆಟ್ ಕಾಯ್ದಿರಿಸುವ ಕಿಟಕಿಯ ಆಚೆ. ಹಸಿರು ಅಕ್ಷರಗಳು ಕಪ್ಪು ಪರದೆಯ ಮೇಲೆ ಓಡುತ್ತಿದ್ದವು. ಅವು ಇಂಗ್ಲಿಷ್ ಅಕ್ಷರಗಳೇ ಆಗಿದ್ದವೆಂದು ಬೇರೆ ಹೇಳಬೇಕಾಗಿಲ್ಲ.

ಮನೆಗೆ ಬಂದ ಗಣಕ ಬಹುಕಾಲ ಮೂರು ತುಂಡಿನ ಸಂಸಾರವಾಗಿತ್ತು: ಗೂಡಿನಂಥ ಗಾಜಿನ ಮಾನಿಟರ್, ಮೊಣಕಾಲೆತ್ತರದ ಪೆಟ್ಟಿಗೆ, ಕರೆಂಟು ಹೋದರೆ ಕೂಗಿಕೊಳ್ಳುವ ಯು.ಪಿ.ಎಸ್. ನಾವು ೨೦೦೧ರಲ್ಲಿ ಕೊಂಡದ್ದು ಇಂಥದೇ. ಅದನ್ನಿಡಲು ನಮ್ಮ ತಂದೆಯವರ ಬರೆಯುವ ಮೇಜನ್ನು ಮಾಳಿಗೆಗೆ ಸಾಗಿಸಬೇಕಾಯಿತು. ೨೦೦೫ರ ಜನವರಿಯಲ್ಲಿ ಆಪಲ್ ಸಂಸ್ಥೆ ಆರೂವರೆ ಅಂಗುಲ ಚೌಕದ, ಎರಡು ಅಂಗುಲ ಎತ್ತರದ ಮ್ಯಾಕ್ ಮಿನಿಯನ್ನು ಹೊರತಂದಿತು. ೨೦೧೨ರ ಫೆಬ್ರುವರಿ ೨೯ರಂದು ಇಂಗ್ಲೆಂಡಿನಲ್ಲಿ ರಾಸ್ಪ್‌ಬೆರಿ ಪೈ ಎಂಬ ಗಣಕ ಮಾರಾಟಕ್ಕೆ ಬಂತು. ಅದು ಬ್ಯಾಂಕಿನ ಕಾರ್ಡಿನಷ್ಟೇ ಅಗಲದ ಒಂದು ಹಲಗೆ. ಬೆಲೆ ೩೫ ಡಾಲರ್. ಅದರ ಹಿಂದೆಯೇ ಇಂಟೆಲ್ ಸಂಸ್ಥೆಯು ನಾಲ್ಕು ಅಂಗುಲ ಚೌಕದ ನಕ್ ಎಂಬ ಗಣಕವನ್ನು ಮಾರಿತು. ೨೦೨೩ರಲ್ಲಿ ಇಂಟೆಲ್ ಆ ವ್ಯವಹಾರದಿಂದ ಹಿಂದೆ ಸರಿದಾಗ ತೈವಾನಿನ ಆಸುಸ್ ಸಂಸ್ಥೆ ಅದನ್ನು ವಹಿಸಿಕೊಂಡಿತು.

ಇಷ್ಟು ಕುಗ್ಗಿದ್ದು ಹೇಗೆ? ತೊಡೆಗಣಕಕ್ಕಾಗಿ ಸಿದ್ಧವಾದ, ಕಡಿಮೆ ವಿದ್ಯುತ್ತು ಬೇಡುವ ಬಿಡಿಭಾಗಗಳನ್ನೇ ಇದರಲ್ಲೂ ಬಳಸಿದರು. ತಿರುಗುವ ಡಿಸ್ಕಿನ ಬದಲು ಚಲಿಸುವ ಭಾಗಗಳಿಲ್ಲದ ಎಸ್.ಎಸ್.ಡಿ. ಬಂತು. ವಿದ್ಯುತ್ತನ್ನು ಪರಿವರ್ತಿಸುವ ಭಾರದ ಗಟ್ಟಿಯನ್ನು ಪೆಟ್ಟಿಗೆಯಿಂದ ಹೊರಗೆ ತಂದು ತಂತಿಯ ನಡುವೆ ತೂಗುಬಿಟ್ಟರು. ಬರೆಯುವ ಓದುವ ಕೆಲಸದಲ್ಲಿ ಇಂಥ ಪೆಟ್ಟಿಗೆಗೆ ಹತ್ತಿಪ್ಪತ್ತು ವ್ಯಾಟ್ ಸಾಕು. ಮಳೆಗಾಲದಲ್ಲಿ ಕರೆಂಟು ಕೈಕೊಡುವ ನಮ್ಮಂಥ ಊರಿನವರಿಗೆ ಇದು ಗಾತ್ರಕ್ಕಿಂತ ದೊಡ್ಡ ಗುಣ. ಮನೆಯ ಇನ್ವರ್ಟರಿನ ಮೇಲೆಯೇ ಇದನ್ನು ನಡೆಸಬಹುದು.

ಇಷ್ಟು ತಿಳಿದರೆ ಪೆಟ್ಟಿಗೆ ಕೊಳ್ಳಬಹುದು. ಆದರೆ ಪೆಟ್ಟಿಗೆಯೊಳಗೆ ಬರೆಯುವುದು ಯಾವ ಅಕ್ಷರದಲ್ಲಿ?

ಕನ್ನಡದ ಅಕ್ಷರಕ್ಕೂ ಯಂತ್ರಕ್ಕೂ ನಂಟು ಬೆಳೆದದ್ದು ನಿಧಾನವಾಗಿ. ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗ್ ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ವೃತ್ತಪತ್ರಿಕೆ, ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಕಲ್ಲಚ್ಚಿನಲ್ಲಿ ಕೈಬರಹವೇ ಅಚ್ಚಾಗುವುದರಿಂದ ಒತ್ತಕ್ಷರದ ತೊಡಕಿಲ್ಲ. ಸೀಸದ ಮೊಳೆಗಳು ಬಂದಾಗ ತೊಡಕು ಆರಂಭವಾಯಿತು. ವರ್ಣಮಾಲೆಯಲ್ಲಿ ಅಕ್ಷರ ನಲವತ್ತೊಂಬತ್ತೇ ಆದರೂ ಕಾಗುಣಿತ, ಒತ್ತು, ಅರ್ಕಾವತ್ತು ಸೇರಿ ಮೊಳೆ ಜೋಡಿಸುವವನ ಮುಂದೆ ನೂರಾರು ಖಾನೆಗಳು. ೧೮೯೪ರಲ್ಲಿ ಪ್ರಕಟವಾದ ಕಿಟೆಲ್ಲರ ಸುಮಾರು ೭೦,೦೦೦ ಶಬ್ದಗಳ ನಿಘಂಟನ್ನು ಕೈಯಲ್ಲಿ ಹಿಡಿದಾಗಲೆಲ್ಲ, ಅದನ್ನು ಒಂದೊಂದೇ ಮೊಳೆಯಾಗಿ ಜೋಡಿಸಿದ ಮಂಗಳೂರಿನ ಆ ಅಜ್ಞಾತ ಕೈಗಳನ್ನು ನಾನು ನೆನೆಯುತ್ತೇನೆ.

ಬೆರಳಚ್ಚು ಯಂತ್ರದಲ್ಲಿ ಈ ಖಾನೆಗಳ ಸಂಖ್ಯೆ ಏಕಾಏಕಿ ತೊಂಬತ್ತರ ಆಸುಪಾಸಿಗೆ ಇಳಿಯಬೇಕಾಯಿತು, ಏಕೆಂದರೆ ಕೀಲಿಗಳೇ ನಲವತ್ತೈದರಷ್ಟು. ಕನ್ನಡಕ್ಕೆ ಆ ಕೀಲಿಗಳ ವಿನ್ಯಾಸ ಒದಗಿಸಿದವರಲ್ಲಿ ಅನಂತ ಸುಬ್ಬರಾಯರ ಹೆಸರು ದೊಡ್ಡದು. ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ. ಅವುಗಳನ್ನು ಬೆರಳಿನಿಂದ ಕೂಡಿಸಿ ಅಕ್ಷರ ಕಟ್ಟಬೇಕು. ಗಣಕ ಬಂದಾಗ ನಮ್ಮವರು ಹಿಡಿದದ್ದೂ ಮೊದಮೊದಲು ಇದೇ ದಾರಿ. ಇಂಗ್ಲಿಷ್ ಅಕ್ಷರಗಳಿಗೆಂದು ಯಂತ್ರದಲ್ಲಿ ಇದ್ದ ಮನೆಗಳಲ್ಲಿಯೇ ಕನ್ನಡದ ತುಂಡುಗಳನ್ನು ಬಾಡಿಗೆಗೆ ಕೂರಿಸಿದರು. ಯಂತ್ರಕ್ಕೆ ಅದು ಕನ್ನಡವೆಂದು ತಿಳಿಯದು. ಇಂಗ್ಲಿಷನ್ನೇ ಬರೆಯುತ್ತಿದ್ದೇನೆಂದು ಅದರ ಭ್ರಮೆ. ನೋಡುವ ಕಣ್ಣಿಗೆ ಮಾತ್ರ ಕನ್ನಡ. ಒಂದು ತಂತ್ರಾಂಶದಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ, ಏಕೆಂದರೆ ಯಾರ ಮನೆಯಲ್ಲಿ ಯಾರನ್ನು ಕೂರಿಸಬೇಕೆಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಕ್ರಮ.

ಇಲ್ಲಿ ಕೆ. ಪಿ. ರಾವ್ ಅವರನ್ನು ಸ್ಮರಿಸಬೇಕು. ಕಿನ್ನಿಕಂಬಳದ ಪದ್ಮನಾಭರಾಯರು ಮುಂಬಯಿಯಲ್ಲಿ, ಸಂಶೋಧನಾಲಯದಲ್ಲೂ ಮುದ್ರಣ ತಂತ್ರಜ್ಞಾನದ ಕ್ಷೇತ್ರದಲ್ಲೂ ದುಡಿದವರು. ಅವರ ಕೀಲಿಮಣೆಯ ತಿರುಳು ಇದು: ಬರೆಯುವವನು ತುಂಡುಗಳನ್ನು ಕಟ್ಟಬೇಕಿಲ್ಲ, ಧ್ವನಿಯ ಕ್ರಮದಲ್ಲಿ ಅಕ್ಷರಗಳನ್ನು ಒತ್ತಿದರೆ ಸಾಕು; ಎಫ್ ಕೀಲಿಯನ್ನು ನಡುವೆ ಒತ್ತಿದರೆ ಎರಡು ವ್ಯಂಜನ ಒತ್ತಕ್ಷರವಾಗಿ ಕೂಡುತ್ತವೆ. ಆಕೃತಿಯನ್ನು ಕಟ್ಟುವುದು ಯಂತ್ರದ ಕೆಲಸ. ನಮ್ಮ ವೈಯಾಕರಣರು ಸಂಯುಕ್ತಾಕ್ಷರವನ್ನು ವಿವರಿಸುವ ಕ್ರಮವೂ ಇದೇ ಅಲ್ಲವೆ? ತಾವು ಸಿದ್ಧಪಡಿಸಿದ ತಂತ್ರಾಂಶಕ್ಕೆ ಅವರು ಪಂಡಿತ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದು ಹೆಸರಿಟ್ಟು ಉಚಿತವಾಗಿ ಕೊಟ್ಟರು. ಮುಂದೆ ಸರಕಾರವು ಅವರ ಕೀಲಿಮಣೆಯ ವಿನ್ಯಾಸವನ್ನೇ ಪ್ರಮಾಣವೆಂದು ಒಪ್ಪಿತು. ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಹೊಸ ಶತಮಾನದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶ ಬಂದವು. ಈ ಕೆಲಸಕ್ಕಾಗಿ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಎಷ್ಟು ಹೋರಾಡಿದರೆಂಬುದು ಸಾಹಿತ್ಯಾಸಕ್ತರಿಗೆ ತಿಳಿದ ಸಂಗತಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಕೆಲವು ಪ್ರಾಧ್ಯಾಪಕರು ಅಲ್ಲಿನ ತಂತ್ರಜ್ಞರೊಡನೆ ಸೇರಿ ಇಂಗ್ಲಿಷ್ ಬಾರದವನೂ ಬಳಸಬಲ್ಲ ಅಗ್ಗದ ಗಣಕವೊಂದರ ಕನಸು ಕಂಡದ್ದೂ ಈ ಅವಧಿಯಲ್ಲಿಯೇ. ‘ಸಿಂಪ್ಯೂಟರ್’ ಎಂಬ ಆ ಅಂಗೈಗಣಕದ ಮಾದರಿಯನ್ನು ೨೦೦೧ರಲ್ಲಿ ಜನರಿಗೆ ತೋರಿಸಿದರು. ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಯಂತ್ರ ೨೦೦೪ರಲ್ಲಿ ಮಾರುಕಟ್ಟೆಗೆ ಬಂತು. ಅದು ಹೆಚ್ಚು ಕಾಲ ಬಾಳಲಿಲ್ಲ. ಆದರೂ ಸಣ್ಣ ಗಣಕವು ನಮ್ಮ ನುಡಿಯನ್ನು ಅರಿತಿರಬೇಕೆಂಬ ಬಯಕೆ ಈ ನೆಲದಲ್ಲಿಯೇ ಹುಟ್ಟಿತ್ತೆಂಬುದನ್ನು ಮರೆಯಲಾಗದು.

ಬಾಡಿಗೆಯ ಬಾಳಿಗೆ ಕೊನೆ ಹಾಡಿದ್ದು ಯೂನಿಕೋಡ್. ೧೯೯೧ರ ಅಕ್ಟೋಬರಿನಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ವಂತ ಮನೆಗಳು ಸಿಕ್ಕವು. ಪಟ್ಟಾ ಕೈಗೆ ಬಂದರೂ ಮನೆ ಕಟ್ಟಲು ಹತ್ತು ವರ್ಷ ಹಿಡಿಯಿತು. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಈ ಸಂಕೇತದ ಕನ್ನಡ ಮೊದಲು ಕಾಣಿಸಿಕೊಂಡಿತು. ಅದರ ಅಕ್ಷರಶೈಲಿಯ ಹೆಸರು ‘ತುಂಗಾ’. ನಾವು ಮನೆಗೆ ಗಣಕ ತಂದದ್ದೂ ೨೦೦೧ರಲ್ಲಿಯೇ. ಆದರೆ ಅಂಗಡಿಯವನು ಅದರಲ್ಲಿ ಹಾಕಿಕೊಟ್ಟದ್ದು ಹಿಂದಿನ ವಿಂಡೋಸ್. ನಾನು ಕೇಳಲಿಲ್ಲ, ಕೇಳಬೇಕೆಂಬುದೂ ನನಗೆ ತಿಳಿದಿರಲಿಲ್ಲ.

ಈಗ ಆ ಒಂದು ಶಬ್ದದ ವಿಚಾರ. ನಮ್ಮ ತಾಯಿ ನವಲಗುಂದದ ಕಡೆಯವರು. ಬೀಸುವಾಗ ಹಾಡುವ ಪದಗಳು ಅವರಿಗೆ ಅಸಂಖ್ಯ ಬರುತ್ತಿದ್ದವು. ಎಂಬತ್ತರ ದಶಕದ ಬೇಸಿಗೆ ರಜೆಗಳಲ್ಲಿ ಅವನ್ನು ಕ್ಯಾಸೆಟ್ಟುಗಳಲ್ಲಿ ಹಿಡಿದು, ನೋಟುಬುಕ್ಕುಗಳಲ್ಲಿ ಇಳಿಸಿದ್ದೆ. ೨೦೦೨ರಲ್ಲಿ ಅವನ್ನೆಲ್ಲ ಮುನ್ನೂರು ಪುಟಗಳಷ್ಟು ಗಣಕದಲ್ಲಿ ಬೆರಳಚ್ಚು ಮಾಡಿದೆ. ಮಾಡಿ ಮುಗಿಸಿದ ಹುಮ್ಮಸ್ಸಿನಲ್ಲಿ ನೋಟುಬುಕ್ಕುಗಳನ್ನು ರದ್ದಿಗೆ ಹಾಕಿದೆ. ಪ್ರಾಧ್ಯಾಪಕನಾಗಿ ಹಸ್ತಪ್ರತಿಗಳ ಮಹತ್ವ ಬೋಧಿಸುತ್ತಿದ್ದವನು ಮಾಡಿದ ಕೆಲಸ ಇದು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಿತು. ೨೦೦೯ರಲ್ಲಿ ತಾಯಿ ತೀರಿಕೊಂಡರು.

ಈ ಸಲ ಹೊಸ ಗಣಕಕ್ಕೆ ಹಳೆಯ ಡಿಸ್ಕಿನಿಂದ ಆ ಕಡತವನ್ನು ತಂದು ತೆರೆದಾಗ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ‘ಕನ್ನಡ’ ಎಂದು ಇರಬೇಕಾದಲ್ಲಿ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷರ ಪೌಂಡಿನ ಚಿಹ್ನೆ, ಜರ್ಮನ್ ಭಾಷೆಯ ಜೋಡು ಎಸ್ಸು! ಬಾಡಿಗೆದಾರರು ಹೋಗಿ ಮೂಲ ಮಾಲೀಕರು ಕುಳಿತಿದ್ದರು. ಹಳೆಯ ಸಂಕೇತವನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ತಮ್ಮನ ಮಗ ಅದನ್ನು ತೋರಿಸಿಕೊಟ್ಟ. ಕೆಲವು ನಿಮಿಷಗಳಲ್ಲಿ ಮುನ್ನೂರು ಪುಟ ಮತ್ತೆ ಕನ್ನಡವಾಯಿತು. ಓದುತ್ತ ಹೋದೆ. ಸಾಲಿನ ಆರಂಭದಲ್ಲಿ ಕೆಲವೆಡೆ ‘ದೇವರು’ ಎಂಬುದು ‘ಚೇವರು’ ಆಗಿತ್ತು. ‘ದಾರಿ’ ಎಂಬುದು ‘ಚಾರಿ’ ಆಗಿತ್ತು. ಕಾರಣ ತಿಳಿಯಲು ಒಂದು ದಿನ ಬೇಕಾಯಿತು. ಅಂದಿನ ಆ ಅಕ್ಷರಶೈಲಿಯಲ್ಲಿ ದಕಾರ ಕುಳಿತದ್ದು ಸಣ್ಣ ಝಡ್ ಅಕ್ಷರದ ಮನೆಯಲ್ಲಿ, ಚಕಾರ ದೊಡ್ಡ ಝಡ್ ಅಕ್ಷರದ ಮನೆಯಲ್ಲಿ. ನಾನು ಬೆರಳಚ್ಚು ಮಾಡಿದ ತಂತ್ರಾಂಶವೋ ಇಂಗ್ಲಿಷಿಗಾಗಿ ಹುಟ್ಟಿದ್ದು; ವಾಕ್ಯದ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡುವುದು ಅದರ ಸೌಜನ್ಯ. ಹೀಗೆ ನನ್ನ ದಕಾರಗಳನ್ನು ಅದು ಸದ್ದಿಲ್ಲದೆ ಚಕಾರ ಮಾಡಿತ್ತು. ಪರದೆಯ ಮೇಲೆ ಅದು ಅಂದೇ ಕಾಣುತ್ತಿತ್ತು. ನಾನು ನೋಡಲಿಲ್ಲ.

ಚೇವರನ್ನು ದೇವರು ಮಾಡುವುದು ಸುಲಭ. ಆದರೆ ತವರಿನಿಂದ ಅಣ್ಣ ಬರುವ ಹಾದಿಯನ್ನು ಬಣ್ಣಿಸುವ ಒಂದು ಪದದಲ್ಲಿ ಸಾಲಿನ ಮೊದಲ ಶಬ್ದ ಈಗ ‘ಚಂಡು’ ಎಂದಿದೆ. ತಾಯಿ ಹಾಡಿದ್ದು ಹಾದಿಗೆ ಚೆಲ್ಲಿದ ಚಂಡು ಹೂವನ್ನೋ, ಅಣ್ಣನ ಹಿಂದೆ ಬಂದ ದಂಡನ್ನೋ? ಎರಡೂ ಅರ್ಥ ಹೊಂದುತ್ತದೆ. ಛಂದಸ್ಸಿಗೂ ಎರಡೂ ಒಪ್ಪುತ್ತದೆ. ೨೦೦೨ರಲ್ಲಿ ಕಣ್ಣಿಗೆ ಬಿದ್ದಿದ್ದರೆ ಅಡುಗೆಮನೆಗೆ ಹೋಗಿ ಅವರನ್ನೇ ಕೇಳಬಹುದಾಗಿತ್ತು.

ಧಾರವಾಡದಲ್ಲಿ ೧೯೩೯ರಿಂದ ಕನ್ನಡ ಸಂಶೋಧನ ಸಂಸ್ಥೆ ಇದೆ. ಅಲ್ಲಿಯ ಓಲೆಗರಿಗಳನ್ನು ನೋಡಿದವರಿಗೆ ತಿಳಿದಿದೆ: ಗರಿ ಎಷ್ಟೇ ಗಟ್ಟಿಯಾದರೂ ಕೆಲವು ತಲೆಮಾರುಗಳಲ್ಲಿ ಮುರಿಯುತ್ತದೆ. ಕಾವ್ಯ ಉಳಿದದ್ದು ಗರಿಯ ಗಟ್ಟಿತನದಿಂದಲ್ಲ, ಮತ್ತೆ ಮತ್ತೆ ಪ್ರತಿ ಮಾಡಿದ್ದರಿಂದ. ಪ್ರತಿ ಮಾಡಿದ ಲಿಪಿಕಾರರಲ್ಲಿ ಅಕ್ಷರ ಬಲ್ಲವರಿದ್ದರು, ಬಾರದವರಿದ್ದರು, ತಮ್ಮ ಜಾಣತನ ಸೇರಿಸಿ ತಿದ್ದಿದವರೂ ಇದ್ದರು. ಮೂರನೆಯವರಿಂದಲೇ ಹೆಚ್ಚು ಹಾನಿ. ನನ್ನ ಗಣಕವೂ ಇಂಥ ಒಬ್ಬ ಲಿಪಿಕಾರನಾಗಿತ್ತೆಂದು ಈಗ ಅರಿವಾಯಿತು. ತಮ್ಮನ ಮಗನ ಪ್ರಶ್ನೆಗೂ ಉತ್ತರ ದೊರೆಯಿತು: ನನಗೆ ಬೇಕಾದದ್ದು ಒಬ್ಬ ನಂಬಿಗಸ್ತ ಲಿಪಿಕಾರ.

ಈ ದೃಷ್ಟಿಯಿಟ್ಟುಕೊಂಡು ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆ. ಅಂಗಡಿಯಲ್ಲಿ ಮೂರು ಬಗೆಯ ಸಣ್ಣ ಗಣಕಗಳಿದ್ದವು. ಎಲ್ಲವನ್ನೂ ಒಂದೇ ಹಲಗೆಯಲ್ಲಿ ಬೆಸೆದ, ಮುಂದೆ ಏನನ್ನೂ ಸೇರಿಸಲಾಗದ ಅತಿ ಸಣ್ಣವು ಒಂದು ಬಗೆ. ರ್ಯಾಮ್, ಡಿಸ್ಕುಗಳನ್ನು ಬೇಕಾದಾಗ ಬದಲಿಸಬಹುದಾದ ಹೊಸವು ಇನ್ನೊಂದು. ದೊಡ್ಡ ಕಚೇರಿಗಳಿಂದ ಹಿಂದಿರುಗಿದ, ದಪ್ಪ ನಿಘಂಟಿನ ಗಾತ್ರದ, ಅಗ್ಗದ ಹಳೆಯವು ಮೂರನೆಯ ಬಗೆ. “ಸರ್, ಗೇಮ್ ಆಡಾವರು ಅದಾರೇನ್ರಿ ಮನ್ಯಾಗ?” ಎಂದು ಅಂಗಡಿಯವರು ಕೇಳಿದರು. “ಇಲ್ಲಪ್ಪಾ, ಬರಿಯಾವ ನಾ ಒಬ್ಬ. ಹಾಡು, ಸಿನೆಮಾ, ಬ್ಯಾಂಕಿನ ಕೆಲಸ ಮನಿಯವರದು” ಎಂದೆ. “ಹಂಗಾದ್ರ ಹಳೇದ ಸಾಕ್ರಿ. ಆದ್ರ ಇಸವಿ ನೋಡಿ ತಗೋರಿ” ಎಂದು ಅವರು ಕೊಟ್ಟ ಎಚ್ಚರಿಕೆ ಬೆಲೆಯುಳ್ಳದ್ದು. ವಿಂಡೋಸ್ ೧೦ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ವಿಂಡೋಸ್ ೧೧ ಬೇಕೆಂದರೆ ಇಂಟೆಲ್ ಯಂತ್ರವಾದಲ್ಲಿ ಎಂಟನೆಯ ತಲೆಮಾರಿನ, ಎಂದರೆ ಸರಿಸುಮಾರು ೨೦೧೮ರಿಂದೀಚಿನ ಪ್ರೊಸೆಸರ್ ಇರಬೇಕು, ಟಿ.ಪಿ.ಎಂ. ೨.೦ ಎಂಬ ಭದ್ರತೆಯ ಏರ್ಪಾಡೂ ಇರಬೇಕು. ಅದಕ್ಕಿಂತ ಹಳೆಯದು ಎಷ್ಟು ಅಗ್ಗವಾದರೂ, ಉಚಿತ ಲಿನಕ್ಸ್ ಹಾಕಿಕೊಳ್ಳುವ ಮನಸ್ಸಿಲ್ಲದವರು ಕೊಳ್ಳಬಾರದು. ಲಿನಕ್ಸಿನಲ್ಲೂ ಕನ್ನಡ ಚೆನ್ನಾಗಿಯೇ ಬರುತ್ತದೆ.

ಎಷ್ಟು ಜಾಗದ ಡಿಸ್ಕು ಬೇಕು? ಮುನ್ನೂರು ಪುಟಗಳ ಒಂದು ಕನ್ನಡ ಪುಸ್ತಕವನ್ನು ಪುಟಕ್ಕೆ ಸಾವಿರದೈನೂರು ಸಂಕೇತಗಳಂತೆ ಯೂನಿಕೋಡಿನಲ್ಲಿ ಬರೆದರೆ ಹದಿಮೂರೂವರೆ ಲಕ್ಷ ಬೈಟುಗಳಾಗುತ್ತವೆ. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೋ ಇದಕ್ಕಿಂತ ದೊಡ್ಡದು. ೨೫೬ ಗಿಗಾಬೈಟಿನ ಸಾಧಾರಣ ಡಿಸ್ಕಿನಲ್ಲಿ ಇಂಥ ಪುಸ್ತಕಗಳು ಒಂದು ಲಕ್ಷಕ್ಕೂ ಮಿಕ್ಕಿ ಹಿಡಿಯುತ್ತವೆ. ಹಾಗಾಗಿ ಬರೆಯುವವರು ದೊಡ್ಡ ಡಿಸ್ಕಿಗೆ ಹಣ ಸುರಿಯಬೇಕಿಲ್ಲ. ರ್ಯಾಮ್ ಮಾತ್ರ ಎಂಟು ಗಿಗಾಬೈಟಿಗೆ ಕಡಿಮೆ ಬೇಡ, ಹದಿನಾರಾದರೆ ನೆಮ್ಮದಿ. ಅದನ್ನು ಮುಂದೆ ಹೆಚ್ಚಿಸಲು ಸಾಧ್ಯವೆ ಎಂದು ಕೇಳಿ ತಿಳಿಯಬೇಕು. ಸಣ್ಣ ಪೆಟ್ಟಿಗೆ ಬೇಗ ಬಿಸಿಯಾಗುತ್ತದೆ. ಗಾಳಿ ಹೋಗುವ ರಂಧ್ರಗಳನ್ನು ಗೋಡೆಗೆ ಒತ್ತಿ ಇಡಬಾರದು. ಉಳಿದ ಹಣವನ್ನು ಕಣ್ಣಿಗೆ ಹಿತವಾದ ದೊಡ್ಡ ಪರದೆಗೂ ಒಳ್ಳೆಯ ಕೀಲಿಮಣೆಗೂ ವೆಚ್ಚ ಮಾಡುವುದು ಲೇಸು. ದಿನವಿಡೀ ನಮ್ಮ ಕಣ್ಣು, ಬೆರಳು ತಾಗುವುದು ಅವುಗಳಿಗೇ.

ಹಣ ಕೊಡುವ ಮೊದಲು ಅಂಗಡಿಯಲ್ಲಿಯೇ ಒಂದು ಪರೀಕ್ಷೆ ಮಾಡಿದೆ. ಕನ್ನಡ ಕೀಲಿಮಣೆ ಹಾಕಿಸಿ, ‘ಧರ್ಮ’, ‘ಸ್ತ್ರೀ’, ‘ಜ್ಞಾನ’, ‘ಅರ್ಥಶಾಸ್ತ್ರ’ ಎಂದು ಬರೆದು ಉಳಿಸಿ, ಅದನ್ನು ಅಂಗಡಿಯವರ ಫೋನಿಗೆ ಕಳಿಸಿದೆ. ಅಲ್ಲಿಯೂ ಅದು ಹಾಗೆಯೇ ತೆರೆಯಿತು. ಬಳಿಕ ತಾನೇ ತಿದ್ದುವ ಸೌಕರ್ಯವನ್ನೆಲ್ಲ ಬಂದು ಮಾಡಿಸಿದೆ. “ಎಲ್ಲಾರೂ ಅದನ್ನ ಹಾಕಿಸ್ಕೊಂಡು ಹೋಗ್ತಾರ್ರಿ, ನೀವು ತಗಸಾಕತ್ತೀರಿ” ಎಂದು ಅವರು ನಕ್ಕರು. ಮೂರನೆಯ ಬಗೆಯ ಒಂದು ಪೆಟ್ಟಿಗೆಯನ್ನು ಬಗಲ ಚೀಲದಲ್ಲಿ ಹಾಕಿಕೊಂಡು ಅದೇ ಬಸ್ಸಿನಲ್ಲಿ ಧಾರವಾಡಕ್ಕೆ ಮರಳಿದೆ. ಮಾಳಿಗೆಯಿಂದ ತಂದೆಯವರ ಮೇಜನ್ನು ಇಳಿಸಿ ಒರೆಸಿದೆವು. ಪೆಟ್ಟಿಗೆ, ಪರದೆ ಎರಡನ್ನೂ ಇಟ್ಟ ಮೇಲೆಯೂ ಕಾಗದ ಹರವಿಕೊಂಡು ಬರೆಯುವಷ್ಟು ಜಾಗ ಅದರ ಮೇಲೆ ಉಳಿದಿದೆ.

ತಾಯಿಯ ಪದಗಳ ಮೂರು ಪ್ರತಿಗಳು ಈಗ ಮೂರು ಕಡೆ ಇವೆ: ಒಂದು ಈ ಗಣಕದಲ್ಲಿ, ಒಂದು ತಮ್ಮನ ಮಗನ ಬಳಿ, ಒಂದು ಕಾಗದದ ಮೇಲೆ ಅಚ್ಚಾಗಿ ಕಪಾಟಿನಲ್ಲಿ. ಆ ಒಂದು ಸಾಲಿನ ಮೊದಲ ಶಬ್ದವನ್ನು ತಿದ್ದುವ ಧೈರ್ಯ ನನಗೆ ಬರಲಿಲ್ಲ. ‘ಚಂಡು’ ಎಂದೇ ಇಟ್ಟು, ಪುಟದ ಕೆಳಗೆ ‘ಪಾಠಾಂತರ: ದಂಡು’ ಎಂದು ಬರೆದಿದ್ದೇನೆ.